‘ನಮಗ್ಯಾಕೆ’ ಅನ್ನುವ ಮಾತು ಬಿಡೋಣ

2025ರ ಅಕ್ಟೋಬರ್ 24ರ ಬೆಳಗಿನ ಜಾವ ಕರ್ನೂಲು ಹತ್ತಿರದ ಚಿನ್ನಟೇಕೂರಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹೊತ್ತಿ ಉರಿದು 19 ಪ್ರಯಾಣಿಕರು ಸತ್ತದ್ದನ್ನು ಗಡಿಭಾಗದ ನಾವ್ಯಾರೂ ಮರೆತಿಲ್ಲ. ಪೊಲೀಸರು ಹೇಳಿದ ಪ್ರಕಾರ ಮೊದಲು ಒಂದು ಮೋಟಾರ್ ಬೈಕು ಡಿವೈಡರಿಗೆ ಬಡಿದು ಸವಾರ ಸತ್ತ. ರಸ್ತೆ ಮೇಲೆ ಬಿದ್ದಿದ್ದ ಆ ಬೈಕನ್ನು ಹಿಂದಿನಿಂದ ಬಂದ ಬಸ್ಸು ಎಳಕೊಂಡು ಹೋಗಿ ಬೆಂಕಿ ಹತ್ತಿತು. ಸವಾರ ಕುಡಿದಿದ್ದನೆಂದು ವಿಧಿವಿಜ್ಞಾನ ಪರೀಕ್ಷೆಯೂ ಹೇಳಿತು. ಅದಕ್ಕೆ ಸ್ವಲ್ಪ ಮುಂಚೆ ಅದೇ ಬೈಕು ಪೆಟ್ರೋಲ್ ಬಂಕಿನಲ್ಲಿ ಓಲಾಡುತ್ತಾ ಹೊರಟದ್ದನ್ನು ಅಲ್ಲಿಯ ಕ್ಯಾಮೆರಾ ಹಿಡಿದಿತ್ತು. ಬಸ್ಸಿನ ಕಡೆಯ ತಪ್ಪುಗಳ ಲೆಕ್ಕ ಬೇರೆಯೇ ಇದೆ, ಅದನ್ನು ಕೋರ್ಟು ನೋಡಿಕೊಳ್ಳಲಿ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಹೊತ್ತಿನಲ್ಲಿ ಆ ಬೈಕು ನಮ್ಮ ಕಣ್ಣಿಗೆ ಬಿದ್ದಿದ್ದರೆ ನಾವು ಏನು ಮಾಡುತ್ತಿದ್ದೆವು?

ಉತ್ತರ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ‘ನಮಗ್ಯಾಕೆ ಊರ ಉಸಾಬರಿ’ ಅಂತೀವಿ. ತೆಲುಗಿನಲ್ಲಿ ‘ಮನಕೆಂದುಕುಲೇ’ ಅಂತೀವಿ. ಎರಡು ಭಾಷೆ ಬಲ್ಲ ನಾವು ಈ ವಿಷಯದಲ್ಲಿ ಎರಡರಲ್ಲೂ ಮೂಗರು.

ಗಡಿಯ ರಸ್ತೆಗಳಿಗೆ ಈ ರೋಗ ಸ್ವಲ್ಪ ಹೆಚ್ಚೇ ತಗಲಿದೆ. ಮದ್ಯದ ದರ ಎರಡು ರಾಜ್ಯಗಳಲ್ಲಿ ಒಂದೇ ಸಮ ಇರುವುದಿಲ್ಲ. ಯಾವ ಕಡೆ ಕಡಿಮೆಯೋ ಆ ಕಡೆಗೆ ಸಂಜೆ ಬೈಕುಗಳ ಮುಖ ತಿರುಗುತ್ತದೆ. 2019ರ ನಂತರ ಆಂಧ್ರದಲ್ಲಿ ದರ ಏರಿದಾಗ ಮಡಕಶಿರಾ, ರಾಯದುರ್ಗ, ಆದೋನಿ ಕಡೆಯವರು ಕರ್ನಾಟಕದ ಅಂಗಡಿಗಳಿಗೆ ಹೋದರು. 2024ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಖಾಸಗಿ ಅಂಗಡಿಗಳು ಬಂದು 99 ರೂಪಾಯಿಯ ಬಾಟಲಿ ಸಿಗುವಂತಾದ ಮೇಲೆ ಆ ಲೆಕ್ಕವೂ ಬದಲಾಯಿತು. ಲೆಕ್ಕ ಹೇಗೇ ಬದಲಾಗಲಿ, ಗಡಿ ದಾಟಿ ಕುಡಿದವನು ರಾತ್ರಿ ಅದೇ ರಸ್ತೆಯಲ್ಲಿ ಗಾಡಿ ಬಿಟ್ಟುಕೊಂಡೇ ಊರು ಸೇರಬೇಕು. ಆ ರಸ್ತೆಯಲ್ಲೇ ಆದೋನಿ ಮಾರ್ಕೆಟ್ಟಿಗೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರು, ಹಿಂದೂಪುರಕ್ಕೆ ಹುಣಸೆಹಣ್ಣು ಹೊತ್ತ ಗಾಡಿ ಹೋಗುತ್ತವೆ. ಎಷ್ಟೋ ಟ್ರೈಲರುಗಳಿಗೆ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಜಾತ್ರೆ ಬಂತೆಂದರೆ ಅದೇ ಟ್ರೈಲರುಗಳಲ್ಲಿ ಹೆಂಗಸರು ಮಕ್ಕಳು ತುಂಬಿರುತ್ತಾರೆ.

ಕಾನೂನು ಏನೂ ಮೆತ್ತಗಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯದ ಅಂಶ ಇದ್ದವನು ಗಾಡಿ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಈ ತಪ್ಪು ರುಜುವಾತಾಗುವುದು ಉಸಿರಿನಿಂದ, ರಕ್ತದಿಂದ. ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ‘ನಿನ್ನೆ ರಾತ್ರಿ ಅವನು ಹೆಂಗೆ ಓಡಿಸ್ತಿದ್ದ ಗೊತ್ತಾ’ ಅಂತ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ಕೂತು ಹೇಳುವ ಮಾತಿಗೆ ಆದ್ದರಿಂದಲೇ ಬೆಲೆಯಿಲ್ಲ. ಕಂಡ ಹೊತ್ತಿಗೇ ಹೇಳಬೇಕು.

ಯಾಕೆ ಹೇಳುವುದಿಲ್ಲ? ಕುಡಿದವನು ನಮ್ಮ ಅಣ್ಣತಮ್ಮಂದಿರಲ್ಲೇ ಒಬ್ಬ, ಬೀಗರ ಕಡೆಯವನು, ಅಥವಾ ಬಿತ್ತನೆ ಹೊತ್ತಿಗೆ ಬಾಡಿಗೆಗೆ ಟ್ರ್ಯಾಕ್ಟರು ತರುವವನು. ಹೆಸರು ಹೊರಗೆ ಬಂದರೆ ಹಗೆ. ಸ್ಟೇಷನ್ನು ಅಂದರೆ ಅಲೆದಾಟ, ಸಾಕ್ಷಿ, ಕೈ ಬಿಸಿ. ಈ ಭಯಗಳು ಸುಳ್ಳಲ್ಲ. ಆದರೂ ಒಂದು ಮಾತು ತಿಳಿದಿರಲಿ. ಫೋನು ಮಾಡುವವನು ತೀರ್ಪು ಕೊಡುತ್ತಿಲ್ಲ. ‘ಈ ಗಾಡಿ ಓಲಾಡುತ್ತಾ ಹೋಗ್ತಿದೆ, ನೋಡಿ’ ಅನ್ನುವುದಷ್ಟೇ ಅವನ ಕೆಲಸ. ಕುಡಿದಿದ್ದಾನೋ, ನಿದ್ದೆಗಣ್ಣೋ, ಎದೆನೋವೋ ಅಂತ ತೀರ್ಮಾನ ಮಾಡುವುದು ಯಂತ್ರ ಮತ್ತು ವೈದ್ಯರು. ನಿದ್ದೆಯಾಗಿದ್ದರೂ ಗಾಡಿ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಚಾಡಿ ಅನ್ನುವ ಮಾತು ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಒಬ್ಬನನ್ನು ಕೆಡಿಸಲು ಹೇಳಿದ್ದು ಚಾಡಿ, ಉಳಿಸಲು ಹೇಳಿದ್ದು ಚಾಡಿಯಲ್ಲ. ಹೊಲದ ಬದುವಿನ ಜಗಳಕ್ಕೆ, ಎಲೆಕ್ಷನ್ ಸಿಟ್ಟಿಗೆ ಇದನ್ನು ಬಳಸುವವರೂ ಇರಬಹುದು. ಬೇಕೆಂದೇ ಸುಳ್ಳು ಮಾಹಿತಿ ಕೊಡುವುದು ತಾನೇ ಒಂದು ಅಪರಾಧ ಅಂತ ಅಂಥವರು ನೆನಪಿಟ್ಟುಕೊಳ್ಳಲಿ.

ವ್ಯಾಪಾರಸ್ಥರಿಗೆ ಇನ್ನೊಂದು ಲೆಕ್ಕವಿದೆ. ಡ್ರೈವರು ಕುಡಿದಿದ್ದನೆಂದು ರುಜುವಾತಾದರೆ ಗಾಡಿಯ ನಷ್ಟಕ್ಕೆ ವಿಮೆ ಕಂಪನಿ ಕೈಯೆತ್ತುತ್ತದೆ. ಸತ್ತವರ ಮನೆಗೆ ಕೊಟ್ಟ ಪರಿಹಾರವನ್ನೂ ಮಾಲೀಕನಿಂದ ವಸೂಲಿ ಮಾಡಲು ಬರಬಹುದು. ನಿಮ್ಮ ಲಾರಿಯ ಡ್ರೈವರ ಮೇಲೆ ಯಾರಾದರೂ ಹೇಳಿದರೆ ಸಿಟ್ಟಾಗಬೇಡಿ. ಅವರು ನಿಮ್ಮ ಲಾರಿಯನ್ನೂ ಹೊಲವನ್ನೂ ಉಳಿಸಿದವರು.

ಹೇಳುವ ಬಗೆ ಸುಲಭ. 112 ಒತ್ತಿದರೆ ಸಾಕು, ಎರಡೂ ರಾಜ್ಯದಲ್ಲಿ ಅದೇ ನಂಬರು. ಗಡಿಯಲ್ಲಿ ನಿಂತ ಫೋನು ಆಚೆ ರಾಜ್ಯದ ಟವರು ಹಿಡಿಯುವುದು ನಮಗೆ ಹೊಸದಲ್ಲ. ಕರೆ ಎಲ್ಲಿಗೆ ಹೋಯಿತೋ ಗೊತ್ತಾಗದು. ಆದ್ದರಿಂದ ಮೊದಲು ರಾಜ್ಯ, ಜಿಲ್ಲೆ, ಮಂಡಲ ಅಥವಾ ತಾಲ್ಲೂಕು, ಹತ್ತಿರದ ಊರು ಹೇಳಿ. ಆಮೇಲೆ ಗಾಡಿಯ ಬಗೆ, ಬಣ್ಣ, ನಂಬರು, ಯಾವ ಕಡೆಗೆ ಹೊರಟಿದೆ ಅನ್ನುವುದು. ನಂಬರು ಪೂರ್ತಿ ಸಿಗದಿದ್ದರೆ ಸಿಕ್ಕಷ್ಟೇ ಹೇಳಿ. ಗಾಡಿ ಓಡಿಸುತ್ತಾ ಫೋನು ಮಾಡಬೇಡಿ. ಪಕ್ಕಕ್ಕೆ ನಿಲ್ಲಿಸಿ, ಇಲ್ಲವೆ ಹಿಂದೆ ಕೂತವರ ಕೈಗೆ ಕೊಡಿ. ಅವನನ್ನು ಅಟ್ಟಿಸಿಕೊಂಡು ಹೋಗುವುದು, ಅಡ್ಡಗಟ್ಟುವುದು, ಕೈ ಮಾಡುವುದು ಬೇಡ. ಇನ್ನೂ ಹೊರಡದೆ ನಿಂತಿದ್ದರೆ ನಾಲ್ಕು ಜನ ಸೇರಿ ಒಳ್ಳೆ ಮಾತಿನಲ್ಲಿ ಬೀಗದ ಕೈ ಇಸಕೊಂಡು, ಜಗಲಿ ಮೇಲೆ ಮಲಗಿಸುವುದು ಎಲ್ಲಕ್ಕಿಂತ ಮೇಲು.

ಜನ ಬಾಯಿ ಬಿಡಬೇಕಾದರೆ ಪೊಲೀಸರು ಕಿವಿ ಕೊಡಬೇಕು. ಫೋನು ಮಾಡಿದವನ ಹೆಸರು ಸ್ಟೇಷನ್ನಿನ ಹೊರಗೆ ಬರಬಾರದು. ಗಡಿ ಠಾಣೆಗಳಲ್ಲಿ ಉಸಿರು ಪರೀಕ್ಷೆಯ ಯಂತ್ರ ಬೀರುವಿನಲ್ಲಿ ಇರದೆ ರಾತ್ರಿ ರಸ್ತೆಯಲ್ಲಿ ಇರಬೇಕು. ‘ಆ ಗಾಡಿ ಆಚೆ ಹೋಯಿತು, ನಮ್ಮ ವ್ಯಾಪ್ತಿಯಲ್ಲ’ ಅನ್ನುವ ಉತ್ತರ ನಿಲ್ಲಬೇಕು. ಪಾವಗಡದ ಠಾಣೆಯೂ ಮಡಕಶಿರಾ ಠಾಣೆಯೂ, ಸಿರುಗುಪ್ಪದ್ದೂ ಆದೋನಿಯದ್ದೂ ರಾತ್ರಿ ಪಾಳಿಯಲ್ಲಿ ಒಂದಕ್ಕೊಂದು ಫೋನು ಮಾಡುವಂತಾದರೆ ಗಡಿ ದಾಟಿದ ಗಾಡಿ ತಪ್ಪಿಸಿಕೊಳ್ಳುವುದಿಲ್ಲ. ಮದ್ಯದಂಗಡಿಯ ಬಾಗಿಲಲ್ಲಿ, ಪೆಟ್ರೋಲ್ ಬಂಕಿನಲ್ಲಿ 112ರ ಬೋರ್ಡು ಕನ್ನಡ ತೆಲುಗು ಎರಡರಲ್ಲೂ ಇರಲಿ. ಮದ್ಯದಿಂದ ಆದಾಯ ಎಣಿಸುವ ಎರಡು ಸರ್ಕಾರಗಳಿಗೆ ಒಂದು ಬೋರ್ಡಿನ ಖರ್ಚು ಭಾರವಲ್ಲ.

ಜಾತ್ರೆ ಮುಗಿಸಿ ರಾತ್ರಿ ಬರುವ ಟ್ರೈಲರಿನಲ್ಲಿ ಕೂತಿರುವವರು ನಮ್ಮವರೇ. ಎದುರಿಗೆ ಓಲಾಡುತ್ತಾ ಬರುವವನೂ ಹೆಚ್ಚಾಗಿ ನಮ್ಮವನೇ. ಎರಡು ಮನೆಯಲ್ಲೂ ದೀಪ ಆರಬಾರದು ಅನ್ನುವುದಾದರೆ, ಬಲ್ಲ ಎರಡು ಭಾಷೆಗಳಲ್ಲಿ ಒಂದರಲ್ಲಾದರೂ ಹೊತ್ತಿಗೆ ಸರಿಯಾಗಿ ಮಾತಾಡೋಣ.