ಸುಲಭವೆನಿಸುವ ಹಾಡಿನ ಕಷ್ಟ

ಶಾಲಾ ವಾರ್ಷಿಕೋತ್ಸವ ಸಮೀಪಿಸಿತೆಂದರೆ ಆದೋನಿ ಸೀಮೆಯ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಗು ಯಾವ ಹಾಡನ್ನು ಹಾಡಬೇಕು? ಶಕ್ತಿಗೆ ಮೀರಿದುದನ್ನು ಹೊರಿಸಿದರೆ ವೇದಿಕೆಯ ಮೇಲೆ ಕಂಠದೊಡನೆ ಮನಸ್ಸೂ ಕುಗ್ಗುತ್ತದೆ. ತೀರ ಹಗುರವಾದುದನ್ನೇ ಕೊಡುತ್ತಿದ್ದರೆ ಕಲಿಕೆ ನಿಂತ ನೀರಾಗುತ್ತದೆ. ಆದುದರಿಂದ ಕೃತಿಯ ಕಾಠಿನ್ಯವನ್ನು ಅಳೆಯುವ ಬಗೆಯನ್ನು ಪಾಲಕರೂ ಅರಿತಿರುವುದು ಒಳಿತು.

ಪಾಶ್ಚಾತ್ಯ ಪಿಯಾನೊ ಕಲಿಕೆಯಲ್ಲಿ ಇದಕ್ಕೆ ಶ್ರೇಣಿಗಳುಂಟು. 1889ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಪರೀಕ್ಷಾ ಮಂಡಳಿಯೊಂದು ಇಂದು ಕೃತಿಗಳನ್ನು 8 ಶ್ರೇಣಿಗಳಾಗಿ ವಿಂಗಡಿಸುತ್ತದೆ. ಆದರೆ ಅಂಕಿ ಎಲ್ಲವನ್ನೂ ಹೇಳದು. ಮೊಟ್ಸಾರ್ಟ್ 1788ರಲ್ಲಿ ಒಂದು ಪುಟ್ಟ ಸೊನಾಟಾ ರಚಿಸಿ, ತನ್ನ ಕೃತಿಪಟ್ಟಿಯಲ್ಲಿ ಅದನ್ನು ಆರಂಭಿಕರಿಗಾಗಿ ಎಂದೇ ಗುರುತಿಸಿದನು. ಅದರ ಸ್ವರವಿನ್ಯಾಸ ತಿಳಿಯಾದುದು. ಆ ಕಾರಣದಿಂದಲೇ ಒಂದು ಬೆರಳು ತಡವರಿಸಿದರೂ ಮರೆಮಾಡಲು ಎಡೆಯಿಲ್ಲ.

ನಮ್ಮಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ಕಟ್ಟಿದವರು ಪುರಂದರದಾಸರೆಂದು ಪರಂಪರೆ ಸ್ಮರಿಸುತ್ತದೆ. ಮಾಯಾಮಾಳವಗೌಳದ ಸರಳೆ, ಏಳು ತಾಳಗಳ ಅಲಂಕಾರ, ಬಳಿಕ ಗೀತೆ, ಅನಂತರ ವರ್ಣ, ಕೃತಿ. ಮೊದಲ ಗೀತೆಯಾದ ‘ಶ್ರೀ ಗಣನಾಥ’ ಮಲಹರಿ ರಾಗದ್ದು. ಅದರಲ್ಲಿ ನಿಷಾದವೇ ಇಲ್ಲ. ಗಾಂಧಾರ ಅವರೋಹಣದಲ್ಲಿ ಮಾತ್ರ. ಬಹುಮಟ್ಟಿಗೆ ಸ್ವರಕ್ಕೊಂದು ಅಕ್ಷರದಂತೆ ಸಾಗುವುದರಿಂದ ಎಳೆಯರಿಗೆ ಹಿಡಿತ ಸಿಗುತ್ತದೆ.

ದೇವರನಾಮದ ಮಾತು ಬೇರೆ. ಮಂತ್ರಾಲಯದ ಆಸುಪಾಸಿನ ಮಕ್ಕಳಿಗೆ ಅದರ ನುಡಿಗಳು ಬಾಲ್ಯದಿಂದಲೇ ಪರಿಚಿತ; ಆದುದರಿಂದ ಹಾಡೂ ಸುಲಭವೆಂದು ಭಾವಿಸುವುದುಂಟು. ಆದರೆ ವಿಳಂಬ ಕಾಲದಲ್ಲಿ ಉಸಿರನ್ನು ಹಿಡಿದು, ಗಮಕ ಕೆಡದಂತೆ ಸಾಲನ್ನು ಮುಗಿಸುವುದು ವೇಗವಾಗಿ ಹಾಡುವುದಕ್ಕಿಂತ ಎಷ್ಟೋ ವೇಳೆ ಕಠಿಣ. ತಾರಸ್ಥಾಯಿಯಲ್ಲಿ ಎಷ್ಟು ಎತ್ತರಕ್ಕೆ ಏರಬೇಕು, ಸಾಲು ತಾಳದ ಯಾವ ಎಡೆಯಲ್ಲಿ ಆರಂಭವಾಗುತ್ತದೆ ಎಂಬುದನ್ನೂ ನೋಡಬೇಕು.

ಕಾಠಿನ್ಯವು ಕೃತಿಯಲ್ಲಿ ಮಾತ್ರ ನೆಲೆಸಿಲ್ಲ, ಹಾಡುವವರಲ್ಲಿಯೂ ಇದೆ. ತ್ಯಾಗರಾಜರ ತೆಲುಗು ಕೃತಿ ಮೈಸೂರಿನ ಮಗುವಿನ ನಾಲಿಗೆಗೆ ತೊಡಕಾಗಬಹುದು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುವ ಆದೋನಿಯ ಮಗುವಿಗೆ ದಾಸರ ಪದವೂ ತ್ಯಾಗರಾಜರ ಕೃತಿಯೂ ಬಾಯಿಗೆ ಒಗ್ಗುತ್ತವೆ. ಗಡಿನಾಡಿನ ಬಾಳು ಕೊಟ್ಟ ಈ ಸಂಪತ್ತನ್ನು ಪಾಲಕರು ಕಡೆಗಣಿಸಬಾರದು.

ಹಾಡನ್ನು ನಿಶ್ಚಯಿಸುವ ಮುನ್ನ ಒಂದು ಪರೀಕ್ಷೆ ಸಾಕು. ಮಗು ಕೈಯಲ್ಲಿ ತಾಳ ಹಾಕುತ್ತ, ಅರ್ಧ ವೇಗದಲ್ಲಿ, ಶ್ರುತಿ ಜಾರದಂತೆ ಪಲ್ಲವಿಯನ್ನು ಎರಡು ಸಲ ಹಾಡಲಿ. ಹಾಡಿದ ಮೇಲೂ ಮುಖದಲ್ಲಿ ನಗೆ ಉಳಿದಿದ್ದರೆ ಆ ಹಾಡು ಆ ಮಗುವಿನದು.