ಬೇಲಿಯೇ ಹೊಲ ಮೇಯುವ ಮೊದಲು

ಐದಾರು ವರ್ಷದ ಮಗುವಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ತಾಯಿ ಮೊದಲು ಕೊರಗುವುದೇ ‘ಸಿಹಿ ಜಾಸ್ತಿ ಕೊಟ್ಟೆನೇನೋ’ ಎಂದು. ಆ ಕೊರಗಿಗೆ ಆಧಾರವಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹ ಸಿಹಿ ತಿಂದು ಬರುವುದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯೊಳಗೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ.

ಹೀಗೇಕೆ ಆಗುತ್ತದೆ? ಜಗತ್ತಿನಲ್ಲೇ ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶ ಫಿನ್‌ಲೆಂಡ್. ಗಡಿ ದಾಟಿದರೆ ರಷ್ಯಾದ ಕರೇಲಿಯಾ. ಕಾಯಿಲೆಗೆ ದಾರಿಮಾಡುವ ವಂಶವಾಹಿಗಳು ಎರಡೂ ಕಡೆಯ ಜನರಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ. ಆದರೂ ಫಿನ್‌ಲೆಂಡಿನಲ್ಲಿ ಕಾಯಿಲೆ ಸುಮಾರು ಆರು ಪಟ್ಟು ಹೆಚ್ಚೆಂದು ಸಂಶೋಧಕರು ಕಂಡುಕೊಂಡರು. ಅಂದಮೇಲೆ ರಕ್ತಸಂಬಂಧವೊಂದೇ ಕಾರಣವಲ್ಲ, ಪರಿಸರದ ಪಾತ್ರವೂ ಇದೆ. ಅದು ಯಾವುದು? ಹಸುವಿನ ಹಾಲಿನ ಮೇಲೆ ಬಹುಕಾಲ ಅನುಮಾನವಿತ್ತು. 15 ದೇಶಗಳ 2,159 ಶಿಶುಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಉತ್ತರ ಕೊಟ್ಟಿತು: ಹಾಲಿನ ಪ್ರೋಟೀನನ್ನು ಮೊದಲೇ ಒಡೆದು ತಯಾರಿಸಿದ ಶಿಶು ಆಹಾರ ಕೊಟ್ಟರೂ ಕಾಯಿಲೆ ಕಡಿಮೆಯಾಗಲಿಲ್ಲ. ಈಗ ಹೆಚ್ಚಿನ ಗಮನ ಕರುಳಿನಲ್ಲಿ ಬಹುದಿನ ಉಳಿಯುವ ಎಂಟೆರೋವೈರಸ್‌ಗಳ ಮೇಲಿದೆ. ನಂಟು ಕಂಡಿದೆ, ಅಪರಾಧ ಸಾಬೀತಾಗಿಲ್ಲ.

ಕಾರಣ ಪೂರ್ತಿ ಸಿಗದಿದ್ದರೂ ತಡೆಯುವ ಪ್ರಯತ್ನ ನಿಂತಿಲ್ಲ. ಬಾಯಾರಿಕೆಯಂಥ ಲಕ್ಷಣಗಳು ಶುರುವಾಗುವ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ಮೊದಲೇ ರಕ್ತದಲ್ಲಿ ಈ ದಾಳಿಯ ಗುರುತಾದ ಕೆಲವು ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಎರಡು ಬಗೆಯವು ಕಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಕಾಯಿಲೆ ಬಂದೇ ಬರುತ್ತದೆ. ಈ ಹಂತದಲ್ಲಿದ್ದು ಸಕ್ಕರೆಯ ಮಟ್ಟವೂ ಏರುಪೇರಾಗತೊಡಗಿದ್ದ 76 ಮಂದಿಯ ಮೇಲೆ ಟೆಪ್ಲಿಜುಮ್ಯಾಬ್ ಎಂಬ ಔಷಧವನ್ನು ಪರೀಕ್ಷಿಸಿದರು. ಅವರಲ್ಲಿ ಒಂದು ಗುಂಪಿಗೆ 14 ದಿನ ರಕ್ತನಾಳದ ಮೂಲಕ ಕೊಟ್ಟದ್ದು, ಅಷ್ಟೇ. ಔಷಧ ಸಿಗದವರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷದೊಳಗೆ ಕಾಯಿಲೆ ಬಂತು. ಸಿಕ್ಕವರಲ್ಲಿ ಅರ್ಧದಷ್ಟು ಜನರಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಅಮೆರಿಕ 2022ರ ನವೆಂಬರಿನಲ್ಲಿ ಎಂಟು ವರ್ಷ ಮೇಲ್ಪಟ್ಟವರಿಗೆ ಇದನ್ನು ಒಪ್ಪಿತು.

ಇದು ಗುಣಪಡಿಸುವ ಔಷಧವಲ್ಲ, ಮುಂದೂಡುವ ಔಷಧ. ಆದರೆ ಎಂಟು ವರ್ಷದ ಹುಡುಗಿಗೆ ದಿನಕ್ಕೆ ನಾಲ್ಕಾರು ಇನ್ಸುಲಿನ್ ಚುಚ್ಚುಮದ್ದಿಲ್ಲದೆ ಶಾಲೆಗೆ ಹೋಗುವ ಎರಡು ವರ್ಷ ಸಿಗುವುದು ಸಣ್ಣ ಲಾಭವೆಂದು ನನಗನ್ನಿಸುವುದಿಲ್ಲ.

ಔಷಧದ ಮಾತು ಹಾಗಿರಲಿ, ಇಂದೇ ಮಾಡಬಹುದಾದದ್ದೊಂದಿದೆ. ಮಗು ವಿಪರೀತ ನೀರು ಕುಡಿಯುತ್ತಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದ್ದರೆ, ತೂಕ ಇಳಿಯುತ್ತಿದ್ದರೆ, ನಾಳೆ ನೋಡೋಣ ಎನ್ನಬೇಡಿ. ಅದೇ ದಿನ ವೈದ್ಯರ ಬಳಿ ಕರೆದೊಯ್ದು ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ.