ಬಚ್ಚಲುಮನೆಯ ಗವಾಕ್ಷಿ

2022ರ ಡಿಸೆಂಬರ್ ತಿಂಗಳ ಒಂದು ಮುಂಜಾನೆ, ತುಮಕೂರಿನಿಂದ ಪುಣೆಯ ನಮ್ಮ ಮನೆಗೆ ಬಂದಿದ್ದ ಅತ್ತಿಗೆಯವರು ಸ್ನಾನಕ್ಕೆ ಹೋದವರು ಇಪ್ಪತ್ತು ನಿಮಿಷವಾದರೂ ಹೊರಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಚಿಲಕ ಮುರಿದು ನೋಡಿದಾಗ ಅವರು ನೆಲದ ಮೇಲೆ ಬಿದ್ದಿದ್ದರು. ನಲ್ಲಿಯಲ್ಲಿ ಬಿಸಿನೀರು ಹರಿಯುತ್ತಿತ್ತು, ಗೋಡೆಯ ಮೇಲೆ ಗ್ಯಾಸ್ ಗೀಸರು ಉರಿಯುತ್ತಿತ್ತು. ಹೊರಗೆ ತಂದು ಗಾಳಿಗೆ ಮಲಗಿಸಿದ ಮೇಲೆ ಕಣ್ಣು ತೆರೆದರು.

ಸೇರಿದವರಲ್ಲಿ ಒಬ್ಬರು ರಕ್ತದೊತ್ತಡವೆಂದರು, ಮತ್ತೊಬ್ಬರು ಏಕಾದಶಿಯ ಉಪವಾಸವೆಂದರು. ಮೈಸೂರು ಕಡೆಯ ನೆರೆಯವರು ಬಿಸಿನೀರಿನ ಮೂರ್ಛೆ ಎಂದರು. ಅವರ ಮಾತು ನಿರಾಧಾರವಾದುದಲ್ಲ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಅಂತಹದೊಂದು ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುವುದೆಂದು ಬೆಂಗಳೂರಿನ ನಿಮ್ಹಾನ್ಸ್‌ ವೈದ್ಯರು ದಶಕಗಳ ಹಿಂದೆಯೇ ಬರೆದಿದ್ದಾರೆ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದೆವು, 98 ತೋರಿಸಿತು. ನಮಗೆ ಸಮಾಧಾನವೂ ಆಯಿತು! ಆಸ್ಪತ್ರೆಯ ತರುಣ ವೈದ್ಯೆ ಮಾತ್ರ ಮೊದಲು ಕೇಳಿದ ಪ್ರಶ್ನೆಯೇ ಬೇರೆ: "ನೀರನ್ನು ಯಾವುದರಲ್ಲಿ ಕಾಯಿಸಿದಿರಿ?"

ಮುಚ್ಚಿದ ಸಣ್ಣ ಕೋಣೆಯಲ್ಲಿ ಅನಿಲ ಉರಿದಾಗ ಅಲ್ಲಿನ ಆಮ್ಲಜನಕ ಕುಗ್ಗುತ್ತದೆ; ಉರಿ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿಯಲ್ಪಟ್ಟ ರಕ್ತಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ಇರುವ ಭೇದವನ್ನು ಮನೆಯ ಆಕ್ಸಿಮೀಟರು ಅರಿಯಲಾರದು. "ಗ್ಯಾಸಿನ ವಾಸನೆಯೇ ಬರಲಿಲ್ಲವಲ್ಲ" ಎಂಬ ಸಮಜಾಯಿಷಿಯೂ ನಿಲ್ಲದು. ಸಿಲಿಂಡರಿನ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧದ್ರವ್ಯವನ್ನು ಬೆರೆಸುತ್ತಾರೆ. ಉರಿಯುವಾಗ ಅದೂ ಸುಟ್ಟುಹೋಗುತ್ತದೆ.

ನಮ್ಮ ಊರಿನ ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಅಲ್ಲಿಯೂ ವಿಷವಾಯು ಹುಟ್ಟುತ್ತಿದ್ದಿರಬೇಕು. ಆದರೆ ಹೊಗೆ ಕಣ್ಣನ್ನು ಉರಿಸಿ ಎಚ್ಚರಿಸುತ್ತಿತ್ತು, ಹಂಚಿನ ಸಂದುಗಳಿಂದಲೂ ಗವಾಕ್ಷಿಯಿಂದಲೂ ಹೊರಗೆ ಹೋಗುತ್ತಿತ್ತು. ಮಹಾನಗರಕ್ಕೆ ಬಂದ ನಾವು ಎಣ್ಣೆಸ್ನಾನದ ದೀರ್ಘ ಪದ್ಧತಿಯನ್ನು ಜೊತೆಯಲ್ಲಿ ತಂದೆವು, ಗವಾಕ್ಷಿಯನ್ನು ಮಾತ್ರ ಅಲ್ಲಿಯೇ ಬಿಟ್ಟೆವು. ಇಲ್ಲಿ ಐದಡಿ ಅಗಲದ ಸ್ನಾನಗೃಹಕ್ಕೆ ಇರುವುದೊಂದು ಗಾಜಿನ ಪಟ್ಟಿಗಳ ಕಿಟಕಿ. ಚಳಿಗೆಂದು ಅದರ ಮೇಲೆ ಹಳೆಯ ಕ್ಯಾಲೆಂಡರನ್ನು ಅಂಟಿಸಿದ್ದವನು ನಾನೇ.

ಗೀಸರನ್ನು ಸ್ನಾನಗೃಹದೊಳಗೆ ಜೋಡಿಸಿಕೊಟ್ಟ ಕೆಲಸಗಾರನನ್ನು ಬಯ್ಯುವುದು ಸುಲಭ, ಬೈದೂ ಇದ್ದೇನೆ. ಆದರೆ ಒಳಗೇ ಇರಲಿ, ಕೈಗೆ ಹತ್ತಿರವಾಗುತ್ತದೆ ಎಂದು ಹಟಹಿಡಿದವರು ಮನೆಯವರಾದ ನಾವು. ನನ್ನ ಅಭಿಪ್ರಾಯದಲ್ಲಿ ಗ್ಯಾಸ್ ಗೀಸರಿಗೆ ಸ್ನಾನಗೃಹದಲ್ಲಿ ಸ್ಥಾನವೇ ಇರಕೂಡದು. ತೆರೆದ ಬಾಲ್ಕನಿಯಲ್ಲಿರಲಿ, ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ. ಬಾಡಿಗೆಮನೆಯಲ್ಲಿ ಅದು ಸಾಧ್ಯವಾಗದಿದ್ದರೆ ಕಿಟಕಿ, ಬಾಗಿಲುಗಳನ್ನು ತೆರೆದಿಟ್ಟು ಬಕೆಟ್ಟನ್ನು ತುಂಬಿಸಿ, ಗೀಸರನ್ನು ಆರಿಸಿ, ಸ್ವಲ್ಪ ಹೊತ್ತಿನ ಬಳಿಕ ಸ್ನಾನಕ್ಕೆ ಹೋಗಬೇಕು. ಒಬ್ಬರ ಹಿಂದೊಬ್ಬರಂತೆ ನಾಲ್ವರು ಮೀಯುವ ಹಬ್ಬದ ಬೆಳಗುಗಳಲ್ಲಿ ಕೊನೆಯವರಿಗೆ ಅಪಾಯ ಹೆಚ್ಚು. ನಮ್ಮ ಮನೆಗಳಲ್ಲಿ ಆ ಕೊನೆಯವರು ಸಾಮಾನ್ಯವಾಗಿ ಹೆಂಗಸರೇ. ತಲೆನೋವು, ವಾಕರಿಕೆ, ಕಾಲು ಸೋತಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ಸ್ನಾನವನ್ನು ಅರ್ಧಕ್ಕೇ ಬಿಟ್ಟು ಹೊರಬರಬೇಕು. ಬಿದ್ದವರನ್ನು ಮೊದಲು ಹೊರಗಿನ ಗಾಳಿಗೆ ಎಳೆದುತರಬೇಕು, ಅನಿಲವನ್ನು ನಿಲ್ಲಿಸಬೇಕು. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ದು ಗೀಸರಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಇದಕ್ಕೆ ಚಿಕಿತ್ಸೆ ಆಮ್ಲಜನಕ. ಅತ್ತಿಗೆಯವರಿಗೆ ಅದನ್ನೇ ಕೊಟ್ಟರು.

ನಮ್ಮ ಗೀಸರು ಈಗ ಹಿಂದಿನ ಬಾಲ್ಕನಿಯಲ್ಲಿದೆ. ಸ್ನಾನಗೃಹ ಚಳಿಗಾಲದಲ್ಲಿ ಕೊರೆಯುತ್ತದೆ ಎಂದು ಮಕ್ಕಳು ಗೊಣಗುತ್ತಾರೆ. ಅತ್ತಿಗೆಯವರು ಬಂದಾಗ ಮಾತ್ರ ಒಳಗಿನ ಚಿಲಕ ಹಾಕುವುದಿಲ್ಲ. ಬಾಗಿಲಿನಾಚೆ ನನ್ನ ಹೆಂಡತಿ ಕುಳಿತು, ಸೊಪ್ಪು ಬಿಡಿಸುತ್ತಾ ಅವರನ್ನು ಮಾತನಾಡಿಸುತ್ತಿರುತ್ತಾಳೆ.